ಮೇಳಗಳು ಮುಗಿದವು, ಕಲಬುರಗಿಗೆ ಕಂಪ್ಯೂಟರ್ ಬಳಗ ಬೇಕಾಗಿದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ (ಭದ್ರತಾ ಅಪ್‌ಡೇಟ್‌ಗಳು) ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಯಂತ್ರವಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಕಲಬುರಗಿಯ ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಟ್ಯೂಷನ್ ಕೋಣೆಗಳಲ್ಲಿ ಅದಕ್ಕಿಂತ ಹಳೆಯ ಯಂತ್ರಗಳು ಇನ್ನೂ ದುಡಿಯುತ್ತಿವೆ. ಅವು ಕೆಟ್ಟಿಲ್ಲ. ಮುಂದೇನು ಮಾಡಬೇಕೆಂದು ಯಂತ್ರವನ್ನೇ ಎದುರಿಗಿಟ್ಟು ಕೇಳುವ ಜಾಗ ಮಾತ್ರ ಊರಲ್ಲಿಲ್ಲ. ಅಂಗಡಿಯಲ್ಲಿ ಕೇಳಿದರೆ ‘ಹೊಸದು ತಗೊಳ್ರಿ’ ಅಂತಾರೆ. ಯೂಟ್ಯೂಬ್ ವಿಡಿಯೊದಲ್ಲಿರುವ ಮದರ್‌ಬೋರ್ಡ್ ನಮ್ಮದಾಗಿರುವುದಿಲ್ಲ.

ಅಂಥ ಜಾಗಗಳು ಕಂಪ್ಯೂಟರಿನಷ್ಟೇ ಹಳೆಯವು. ಐಬಿಎಂ ಕಂಪ್ಯೂಟರ್ ಬಳಸುತ್ತಿದ್ದವರು 1955ರಲ್ಲೇ ‘ಶೇರ್’ ಎಂಬ ಗುಂಪು ಕಟ್ಟಿ ಪ್ರೋಗ್ರಾಂಗಳನ್ನು ಹಂಚಿಕೊಂಡರು. 1975ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಸೇರಿತು. ಆಪಲ್ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ತಮ್ಮ ಆಪಲ್–1 ಕಂಪ್ಯೂಟರ್ ತೋರಿಸಿದ್ದು ಆ ಕ್ಲಬ್ಬಿನವರಿಗೆ. 1979ರಲ್ಲಿ ಲಾಸ್ ವೇಗಾಸ್‌ನಲ್ಲಿ ಕಾಮ್‌ಡೆಕ್ಸ್ ಎಂಬ ಕಂಪ್ಯೂಟರ್ ವ್ಯಾಪಾರ ಮೇಳ ಶುರುವಾದ ಮೇಲೆ ಗಮನವೆಲ್ಲ ಮಳಿಗೆಗಳ ಕಡೆ ಹೊರಳಿತು. ಕಾಮ್‌ಡೆಕ್ಸ್ 2003ಕ್ಕೆ ಮುಗಿಯಿತು. ಜರ್ಮನಿಯ ಸೆಬಿಟ್ ಮೇಳಕ್ಕೆ 2001ರಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು, 2018ರಲ್ಲಿ ಸುಮಾರು 1.2 ಲಕ್ಷ; ಅದೇ ಕೊನೆ. ಹೊಸ ಸರಕನ್ನು ಕಂಪನಿಗಳು ನೇರವಾಗಿ ಇಂಟರ್ನೆಟ್ಟಿನಲ್ಲೇ ತೋರಿಸತೊಡಗಿದ ಮೇಲೆ ಮಳಿಗೆಗೆ ಬಾಡಿಗೆ ಕಟ್ಟುವ ಕಾರಣ ಉಳಿಯಲಿಲ್ಲ. ಆದರೆ ಅಷ್ಟರೊಳಗೆ ಊರೂರಿನ ಗುಂಪುಗಳೂ ಕರಗಿದ್ದವು. ಸಾವಿರಾರು ಸದಸ್ಯರಿದ್ದ ಬಾಸ್ಟನ್ ಕಂಪ್ಯೂಟರ್ ಸೊಸೈಟಿ 1996ರಲ್ಲೇ ಮುಚ್ಚಿತ್ತು.

ನಮ್ಮ ಭಾಗಕ್ಕೆ ಮೇಳ ಎಂದೂ ಹತ್ತಿರವಿರಲಿಲ್ಲ. 1998ರಿಂದ ನಡೆದ ಬೆಂಗಳೂರಿನ ಐಟಿ ಮೇಳಕ್ಕೆ ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಬಿಡಿಭಾಗ ಬೇಕೆಂದರೆ ಬೀದರಿನವರೂ ಕಲಬುರಗಿಯವರೂ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ದಾರಿ ಹಿಡಿಯುತ್ತಿದ್ದರು. ಇಲ್ಲಿ ಬೇರು ಬಿಡಬಹುದಾಗಿದ್ದದ್ದು ಇಂಜಿನಿಯರಿಂಗ್ ಕಾಲೇಜುಗಳ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ) ಗುಂಪುಗಳು. 2005ರಿಂದ 2011ರವರೆಗೆ ಲಿನಕ್ಸಿನ ಒಂದು ರೂಪವಾದ ಉಬುಂಟುವಿನ ಸಿಡಿ ಅಂಚೆಯಲ್ಲಿ ಪುಕ್ಕಟೆಯಾಗಿ ಮನೆಗೇ ಬರುತ್ತಿತ್ತು. ಆದರೆ ಕಾಲೇಜಿನ ಗುಂಪಿನ ಆಯುಸ್ಸು ನಾಲ್ಕು ವರ್ಷ. ಮುಂದಾಳತ್ವ ವಹಿಸಿದ ಬ್ಯಾಚು ಪುಣೆಗೋ ಬೆಂಗಳೂರಿಗೋ ಹೋದೊಡನೆ ನಿಲ್ಲುತ್ತದೆ. ಅದಕ್ಕೇ ಹೊಸ ಬಳಗದಲ್ಲಿ ಊರು ಬಿಟ್ಟು ಹೋಗದವರು ಇರಬೇಕು: ಡಿಟಿಪಿಯವರು, ಶಾಲಾ ಶಿಕ್ಷಕರು, ರಿಪೇರಿ ಅಂಗಡಿಯವರು, ನಿವೃತ್ತ ನೌಕರರು. ವಿದ್ಯಾರ್ಥಿಗಳು ಅವರ ಜೊತೆ ಕೂಡಲಿ.

ಜಾಗಕ್ಕೆ ಶಾಲೆಯ ಲ್ಯಾಬ್ ಸಾಕು. ತಿಂಗಳಿಗೊಂದು ಭಾನುವಾರ, ಬೇಸಿಗೆಯಲ್ಲಿ ಬೆಳಿಗ್ಗೆ 7ರಿಂದ 10. ಎಲ್ಲಕ್ಕಿಂತ ಮೊದಲು ವೈರಿಂಗ್ ನೋಡಬೇಕು. 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ಹೊರುವುದು 1,380 ವ್ಯಾಟ್. ಮಾನಿಟರ್ ಸೇರಿ ಡೆಸ್ಕ್‌ಟಾಪಿಗೆ 150 ವ್ಯಾಟ್ ಹಿಡಿದರೂ, ಸ್ವಲ್ಪ ಮಿತಿ ಉಳಿಸಿಕೊಂಡು, ಒಂದು ಸಾಕೆಟ್ಟಿಗೆ ಆರಕ್ಕಿಂತ ಹೆಚ್ಚು ಹಾಕಬಾರದು. ಸಾಮಾನ್ಯ ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ನಮ್ಮ ಬಿಸಿಲಿಗೆ ಬೇಗ ಸೋಲುತ್ತದೆ, ಹೊಸದಿದ್ದರೂ ಹತ್ತು–ಹದಿನೈದು ನಿಮಿಷದ ಆಸರೆ. ಲಿನಕ್ಸ್ ಇನ್‌ಸ್ಟಾಲ್ ಮುಗಿಯಲು ಅರ್ಧ ಗಂಟೆಯಾದರೂ ಬೇಕು, ಡಿಸ್ಕಿನ ಭಾಗಗಳು (ಪಾರ್ಟಿಷನ್) ಬದಲಾಗುವಾಗ ಕರೆಂಟ್ ಹೋದರೆ ಡೇಟಾ ಹೋಗಬಹುದು. ಬ್ಯಾಕಪ್ ಆಗದ ಯಂತ್ರಕ್ಕೆ ಕೈ ಹಚ್ಚಲೇಬಾರದು.

ಹಲವರಿಗೆ ಹೊಸ ಸಾಫ್ಟ್‌ವೇರ್‌ಗಿಂತ ಮೊದಲು ಬೇಕಿರುವುದು ಬ್ರಷ್ಷು. ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕಿನಲ್ಲಿ ಧೂಳು ಕಟ್ಟಿದ್ದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಬೇಕು, ಇಲ್ಲವಾದರೆ ಬೇರಿಂಗ್ ಹಾಳು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ತೊಗರಿಕಾಳಿನಷ್ಟು ಹೊಸದು ಹಚ್ಚಿದರೆ ಸಾಕು. ದಿನಾಂಕ ಪದೇಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ. ಹಾರ್ಡ್ ಡಿಸ್ಕ್ ತೆಗೆದು 256 ಜಿಬಿ ಎಸ್‌ಎಸ್‌ಡಿ ಹಾಕಿದರೆ ಸಿಗುವ ವೇಗ ಇನ್ನಾವ ರಿಪೇರಿಯಿಂದಲೂ ಸಿಗದು.

ಇಷ್ಟಾದ ಮೇಲೆ ಲಿನಕ್ಸ್. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸಿನ ಇನ್ನೊಂದು ರೂಪವಾದ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ. 32 ಜಿಬಿ ಪೆನ್‌ಡ್ರೈವಿಗೆ ವೆಂಟಾಯ್ (ಒಂದೇ ಪೆನ್‌ಡ್ರೈವಿನಿಂದ ಹಲವು ಇನ್‌ಸ್ಟಾಲರ್ ಏಳಿಸುವ ಸಾಧನ) ಹಾಕಿ ಇನ್‌ಸ್ಟಾಲರ್‌ನ ಐಎಸ್ಒ ಕಡತಗಳನ್ನು ಹಿಂದಿನ ದಿನವೇ ಇಳಿಸಿ, ಚೆಕ್‌ಸಮ್ (ಕಡತ ಕೆಡದೆ ಇಳಿದಿದೆಯೇ ಎಂದು ತೋರುವ ಸಂಕೇತ) ತಾಳೆ ನೋಡಿಟ್ಟುಕೊಳ್ಳಬೇಕು. ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದಿದ್ದರೆ ಬಯಾಸ್‌ನಲ್ಲಿ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಡಿಸ್ಕಿನ ಮೋಡ್ ಸಾಮಾನ್ಯವಾಗಿ ಆರ್‌ಎಸ್‌ಟಿ ಎಂದಿರುತ್ತದೆ, ಅದನ್ನು ಎಎಚ್‌ಸಿಐ ಮಾಡಬೇಕು. ಆದರೆ ವಿಂಡೋಸನ್ನೂ ಉಳಿಸಿಕೊಳ್ಳುವವರು ಹಾಗೇ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು. ಮೊದಲು ಅದನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿಡಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳದೆ ಬಯಾಸ್ ಮುಟ್ಟಬೇಡಿ. ಯಾವ ಮಾದರಿಗೆ ಏನು ಮಾಡಿದಾಗ ಸರಿಯಾಯಿತು ಎಂಬುದು ಒಂದು ರಿಜಿಸ್ಟರಿಗೆ ಏರಬೇಕು. ಕಾಲೇಜು ಗುಂಪುಗಳು ಅಳಿದಾಗ ಅವುಗಳ ತಿಳಿವಳಿಕೆಯೂ ಅಳಿದದ್ದು ಹೀಗೆ ಬರೆದಿಡದೆ.

ಕನ್ನಡದ ಕೆಲಸಕ್ಕೆ ಇನ್ನೊಂದು ಎಚ್ಚರ ಬೇಕು. ಹಳೆಯ ನುಡಿ ಫಾಂಟಿನ ಬರಹ ಯೂನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ತೆರೆದುಕೊಳ್ಳುತ್ತದೆ. ಯಂತ್ರ ಬದಲಿಸುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು. ಲಿನಕ್ಸ್‌ನಲ್ಲಿ ಐಬಸ್ ಎಂ17ಎನ್ ಎಂಬ ಟೈಪಿಂಗ್ ಸಾಧನ ಹಾಕಿಕೊಂಡರೆ ನುಡಿಯಲ್ಲಿದ್ದ ಕೆಜಿಪಿ ಕೀಲಿಮಣೆ ಸಿಗುತ್ತದೆ, ಬೆರಳಿನ ರೂಢಿ ತಪ್ಪದು. ಪುಟ ಜೋಡಿಸುವ ಪೇಜ್‌ಮೇಕರ್ ಬಿಡಲಾಗದ ಡಿಟಿಪಿಯವರು ಒಂದು ವಿಂಡೋಸ್ ಯಂತ್ರವನ್ನು ಇಂಟರ್ನೆಟ್ಟಿನ ಕೇಬಲ್ ಕಿತ್ತು ಹಾಗೇ ಇಟ್ಟುಕೊಳ್ಳಲಿ, ಗಿರಾಕಿಯ ಪೆನ್‌ಡ್ರೈವನ್ನು ಮೊದಲು ಲಿನಕ್ಸ್ ಯಂತ್ರದಲ್ಲೇ ತೆರೆಯಲಿ.