ಪದ ಪರಿಚಯ: ಮಾದರಿಯ ‘ದೃಢೀಕರಣ’

‘ಈ ವರದಿಗೆ ದೃಢೀಕೃತ ಕಂಪ್ಯೂಟರ್ ಮಾದರಿಯನ್ನು ಬಳಸಲಾಗಿದೆ.’ ನಗರದ ಬಿಸಿಲಿನ ಬಗ್ಗೆ ಬರುವ ವರದಿಗಳಲ್ಲಿ ಈ ಸಾಲು ಈಗ ಮಾಮೂಲಾಗಿಬಿಟ್ಟಿದೆ. ಯಾವ ಊರಲ್ಲಿ, ಯಾವ ತಿಂಗಳಲ್ಲಿ, ಏನನ್ನು ಅಳೆದು ದೃಢೀಕರಿಸಿದರು ಎಂಬುದು ಮಾತ್ರ ಇರುವುದಿಲ್ಲ. ಗೆಜೆಟೆಡ್ ಅಧಿಕಾರಿ ಜೆರಾಕ್ಸ್ ಪ್ರತಿಗೆ ಮೊಹರು ಒತ್ತಿದ ಹಾಗೆ: ಒಮ್ಮೆ ಒತ್ತಿಸಿದರೆ ಯಾವ ಕಚೇರಿಯಲ್ಲಾದರೂ ನಡೆಯುತ್ತದೆ.

ಹಾಗೆಂದು ‘ವ್ಯಾಲಿಡೇಶನ್’ಗೆ ‘ದೃಢೀಕರಣ’ ಎಂಬ ಅನುವಾದ ತಪ್ಪಲ್ಲ. ಕಂಪ್ಯೂಟರ್ ಮಾದರಿ ಲೆಕ್ಕ ಹಾಕಿ ಹೇಳಿದ್ದನ್ನು ನಿಜವಾದ ಅಳತೆಯ ಎದುರು ಹಿಡಿದು ನೋಡುವುದೇ ವ್ಯಾಲಿಡೇಶನ್. ಆ ಪದ ಬಂದದ್ದು ಲ್ಯಾಟಿನ್ನಿನ ‘ವಾಲಿಡುಸ್’ನಿಂದ. ಅರ್ಥ ಗಟ್ಟಿ, ಬಲಿಷ್ಠ. ‘ದೃಢ’ವೂ ಅದೇ. ವೆರಿಫಿಕೇಶನ್ನಿನೊಳಗಿರುವುದು ‘ವೇರುಸ್’, ಅಂದರೆ ನಿಜ. ತೊಡಕು ಎಲ್ಲಿದೆಯೆಂದರೆ, ವೆರಿಫೈ, ವ್ಯಾಲಿಡೇಟ್, ಕನ್‌ಫರ್ಮ್, ಅಟೆಸ್ಟ್ ನಾಲ್ಕಕ್ಕೂ ನಾವು ದೃಢೀಕರಣವನ್ನೇ ಹಚ್ಚಿದ್ದೇವೆ. ‘ಸಿಂಧುತ್ವ’ ಎನ್ನೋಣವೆಂದರೆ ಅದು ಜಾತಿ ಪ್ರಮಾಣಪತ್ರಕ್ಕೆ ಅಂಟಿಕೊಂಡು ಕೂತಿದೆ.

ಕೈಯಳತೆಯಲ್ಲೇ ಇದ್ದ ಪದವೆಂದರೆ ‘ಒರೆಹಚ್ಚುವುದು’. ಒರೆ ಎಂದರೆ ಉಜ್ಜು. ನಾವು ದಿನಾ ನೆಲ ‘ಒರೆಸು’ವುದೂ ಅದರ ಮನೆಯದೇ. ತಮಿಳಿನ ‘ಉರೈ’, ತೆಲುಗಿನ ‘ಒರಯು’ ಇದರ ದಾಯಾದಿಗಳು. (ಕತ್ತಿಯ ಒರೆ ಬೇರೆ.) ಅಕ್ಕಸಾಲಿ ಒಡವೆಯನ್ನು ಕರಿಗಲ್ಲಿಗೆ ಉಜ್ಜುತ್ತಾನೆ, ಮಟ್ಟ ಗೊತ್ತಿರುವ ಚಿನ್ನದ ಗೀರನ್ನು ಪಕ್ಕದಲ್ಲೇ ಎಳೆಯುತ್ತಾನೆ, ಎರಡನ್ನೂ ಹೋಲಿಸುತ್ತಾನೆ. ನಿನ್ನೆ ಬಳೆ ಪಾಸಾಯಿತೆಂದು ಇವತ್ತಿನ ಸರಕ್ಕೆ ವಿನಾಯಿತಿಯಿಲ್ಲ. ಬೀದಿಯ ಬಿಸಿ, ಗಾಳಿಗಳನ್ನು ಲೆಕ್ಕ ಹಾಕುವ, ಜರ್ಮನಿಯಲ್ಲಿ ಹುಟ್ಟಿದ ಎನ್ವಿ-ಮೆಟ್ ತಂತ್ರಾಂಶ ಅಲ್ಲಿಯ ಬೇಸಿಗೆಯಲ್ಲಿ ಚೆನ್ನಾಗಿ ನಡೆದರೆ, ಚಿಕ್ಕಪೇಟೆಯ ಗಲ್ಲಿಯ ಏಪ್ರಿಲ್ ಮಧ್ಯಾಹ್ನಕ್ಕೆ ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ.

ಪಕ್ಕದ ಎರಡು ಪದಗಳನ್ನು ಬೇಗ ಮುಗಿಸೋಣ. ವೆರಿಫಿಕೇಶನ್ ಎಂದರೆ ಸಮೀಕರಣಗಳನ್ನು ಕಂಪ್ಯೂಟರ್ ಸರಿಯಾಗಿ ಬಿಡಿಸುತ್ತಿದೆಯೇ ಎಂದು ನೋಡುವುದು: ಲೆಕ್ಕಕ್ಕಾಗಿ ಬೀದಿಯನ್ನು ಹೋಳುಮಾಡುವ ಚೌಕಗಳನ್ನು (ಗ್ರಿಡ್) 2 ಮೀಟರಿನಿಂದ 1 ಮೀಟರಿಗೆ ಇಳಿಸಿದಾಗ ಉತ್ತರ ಗಣನೀಯವಾಗಿ ಬದಲಾದರೆ ಇನ್ನೂ ಕೆಲಸ ಬಾಕಿಯಿದೆ. ಇದಕ್ಕೆ ಬೀದಿಯ ಅಳತೆ ಬೇಕಿಲ್ಲ. ಕ್ಯಾಲಿಬ್ರೇಶನ್ ಎಂದರೆ ಅಳತೆಗೆ ಹೊಂದುವ ತನಕ ರಸ್ತೆಯ ಪ್ರತಿಫಲನಾಂಶ, ಗೋಡೆಯ ಉಷ್ಣವಾಹಕತೆ, ಮಣ್ಣಿನ ತೇವ ಇವನ್ನೆಲ್ಲ ತಿರುಚುವುದು. ತಿರುಚಲು ಬಳಸಿದ ಅಂಕಿಗಳ ಎದುರೇ ಮತ್ತೆ ನಿಲ್ಲಿಸಿ ‘ಹೊಂದಿತು’ ಎನ್ನುವುದು ಉತ್ತರಪತ್ರಿಕೆ ನೋಡಿ ಬರೆದ ಪರೀಕ್ಷೆ. ಮಾರ್ಚಿನ ಅಳತೆಯಿಂದ ಹೊಂದಿಸಿದರೆ ಮೇ ತಿಂಗಳಲ್ಲಿ ಪರೀಕ್ಷಿಸಬೇಕು. ಬೇರೆ ಬೀದಿಯಲ್ಲಾದರೆ ಇನ್ನೂ ಒಳ್ಳೆಯದು.

ಇನ್ನು ಆರ್-ಸ್ಕ್ವೇರ್, ಅಂದರೆ ಮಾದರಿಯ ಅಂಕಿ ಮತ್ತು ಅಳತೆ ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ಸೊನ್ನೆಯಿಂದ 1ರವರೆಗೆ ಹೇಳುವ ಅಂಕ (ಸಹಸಂಬಂಧದ ವರ್ಗ). ತಾಳ್ಮೆ ಕೆಡುವುದು ಇಲ್ಲಿ. ‘ಆರ್-ಸ್ಕ್ವೇರ್ 0.95, ಆದ್ದರಿಂದ ಮಾದರಿ ವಿಶ್ವಾಸಾರ್ಹ’ ಎಂದು ಬರೆಯುತ್ತಾರೆ. ಬೆಳಿಗ್ಗೆ 6ರಿಂದ ಮೂರು ಗಂಟೆಗೊಮ್ಮೆ ಅಳೆದ ತಾಪಮಾನ 21, 26, 31, 33, 29, 25 ಡಿಗ್ರಿ ಎನ್ನಿ. ಮಾದರಿ ಪ್ರತಿ ಸಲವೂ 4 ಡಿಗ್ರಿ ಹೆಚ್ಚು ಹೇಳಲಿ. ಆರ್-ಸ್ಕ್ವೇರ್ ಪೂರಾ 1. ಇನ್ನೊಂದು ಮಾದರಿ ಸರಾಸರಿ 27.5ನ್ನು ಸರಿಯಾಗಿ ಹಿಡಿದು, ಏರಿಳಿತವನ್ನು ಅರ್ಧಕ್ಕೆ ಇಳಿಸಲಿ. ಆಗಲೂ 1, ಸರಾಸರಿ ವಾಲಿಕೆ (ಒಟ್ಟಾರೆ ಹೆಚ್ಚು ಇಲ್ಲವೇ ಕಡಿಮೆ ಹೇಳುವ ಚಾಳಿ) ಸೊನ್ನೆ. ಆದರೆ ಮಧ್ಯಾಹ್ನದ 33ರ ಜಾಗದಲ್ಲಿ 30.25! ಹಗಲು ಬಿಸಿ, ರಾತ್ರಿ ತಂಪು ಎಂದಷ್ಟೇ ತಿಳಿದಿರುವ ಮಾದರಿಗೂ ದೊಡ್ಡ ಅಂಕ ದಕ್ಕಬಹುದು. ಆರ್‌ಎಂಎಸ್‌ಇ (ತಪ್ಪುಗಳ ವರ್ಗಗಳ ಸರಾಸರಿಯ ವರ್ಗಮೂಲ) ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 4, ಎರಡನೆಯದಕ್ಕೆ ಸುಮಾರು 2 ಡಿಗ್ರಿ. ಅದರ ಜೊತೆಗೆ ವಾಲಿಕೆ ಬೇಕು, ಹಗಲು ಮತ್ತು ರಾತ್ರಿಯ ಲೆಕ್ಕ ಬೇರೆಬೇರೆ ಬೇಕು, ‘ಇವತ್ತೂ ನಿನ್ನೆಯಂತೆಯೇ’ ಎಂಬ ಸೋಮಾರಿ ಊಹೆಗಿಂತ ಮಾದರಿ ಮೇಲೆಂದು ತೋರಿಸಬೇಕು. ಮಾದರಿಯನ್ನು ಓಡಿಸಿದ ಮೊದಲ ದಿನದ ಫಲಿತಾಂಶವನ್ನು ಬಿಸಾಡಬೇಕು. ಗೋಡೆ, ಮಣ್ಣು ನಿಜವಾದ ಸ್ಥಿತಿಗೆ ಬರಲು ಅಷ್ಟಾದರೂ ಹೊತ್ತು ಹಿಡಿಯುತ್ತದೆ.

ತಾಪಮಾನ ಸರಿ ಬಂದರೂ ಕಾರಣ ತಪ್ಪಿರಬಹುದು. ಒಂದು ಕಡೆ ಹೆಚ್ಚಾದ ಶಾಖ, ಇನ್ನೊಂದು ಕಡೆ ಹೆಚ್ಚಾದ ಆವಿ, ಎರಡೂ ಒಂದನ್ನೊಂದು ಮುಚ್ಚಿಹಾಕುತ್ತವೆ. ಅದಕ್ಕೇ ಶಕ್ತಿಯ ಬಾಬತ್ತುಗಳನ್ನು (ಬಿಸಿಲಿನಿಂದ ಬಂದದ್ದು, ಗಾಳಿಗೆ ಸೇರಿದ್ದು, ಆವಿಯಾಗಿ ಹೋದದ್ದು) ಬಿಡಿಬಿಡಿಯಾಗಿ ಒರೆಹಚ್ಚಬೇಕು. 2011ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಹೋಲಿಕೆ ಇದಕ್ಕೆ ಮೇಲ್ಪಂಕ್ತಿ. ಮೆಲ್ಬರ್ನಿನ ಪ್ರೆಸ್ಟನ್ ಎಂಬ ಉಪನಗರದ ಅಳತೆಗಳ ಎದುರು 32 ಮಾದರಿಗಳನ್ನು ನಿಲ್ಲಿಸಿದರು. ಮೊದಲು ಕೊಟ್ಟದ್ದು ಹವೆಯ ದತ್ತಾಂಶ ಮಾತ್ರ; ಹಸಿರೆಷ್ಟು, ಕಟ್ಟಡವೆಷ್ಟು ಎಂಬುದನ್ನು ಆಮೇಲೆ, ಹಂತಹಂತವಾಗಿ ತಿಳಿಸಿದರು. ಎಲ್ಲ ಬಾಬತ್ತಿನಲ್ಲೂ ಗೆದ್ದ ಮಾದರಿ ಒಂದೂ ಇರಲಿಲ್ಲ. ಗಿಡಮರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಾದರಿಗಳು ಆವಿಯಾಗಿ ಹೋಗುವ ಶಾಖದಲ್ಲಿ ಎಡವಿದವು.

ಒರೆಗಲ್ಲೇ ಸವೆದಿದ್ದರೆ? ಗಾಳಿಯಾಡದ ಕವಚದೊಳಗಿನ ಸೆನ್ಸರ್ ಬಿಸಿಲಲ್ಲಿ ಒಂದೆರಡು ಡಿಗ್ರಿ ಹೆಚ್ಚು ತೋರಿಸುವುದು ಮಾಮೂಲು. ನಗರದೊಳಗಿನ ಗಲ್ಲಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದ ಬಯಲಿನ ಅಳತೆ ಒರೆಗಲ್ಲಾಗದು. ಲ್ಯಾಂಡ್‌ಸ್ಯಾಟ್ ಉಪಗ್ರಹ ಹಿಡಿಯುವುದು ಬೆಳಗಿನ ಹೊತ್ತಿನ ಸೂರು, ಡಾಂಬರುಗಳ ಮೈಬಿಸಿ. ಅದನ್ನು ಎರಡು ಮೀಟರ್ ಎತ್ತರದ ಗಾಳಿಯ ತಾಪದ ಜೊತೆ ಹೋಲಿಸಿ ಷರಾ ಬರೆಯುವವರಿಗೆ ಏನು ಹೇಳುವುದು?

ಇಷ್ಟಾದ ಮೇಲೂ ‘ಸಾಲುಮರ ನೆಟ್ಟರೆ 0.8 ಡಿಗ್ರಿ ಇಳಿಕೆ’ ಎಂಬ ತೀರ್ಮಾನ ಬರುತ್ತದೆ, 2 ಡಿಗ್ರಿ ತಪ್ಪುವ ಮಾದರಿಯಿಂದ. ಮರ ಇದ್ದಾಗಲೂ ಇಲ್ಲದಾಗಲೂ ತಪ್ಪು ಒಂದೇ ಥರ ಇದ್ದರೆ ಕಳೆಯುವಾಗ ವಜಾ ಆಗಿ, ವ್ಯತ್ಯಾಸ ಸರಿಯಾಗಿಯೇ ಬರಬಹುದು, ನಿಜ. ಆದರೆ ವಜಾ ಆಗುತ್ತದೆಂದು ತೋರಿಸಬೇಕಾದವರು ಅವರೇ. ಹಾಗಾಗಿ ಒರೆಹಚ್ಚಬೇಕಾದದ್ದು ಆ ವ್ಯತ್ಯಾಸವನ್ನು: ಮರವಿರುವ ಬೀದಿಯಲ್ಲೊಂದು, ಅದೇ ದಿಕ್ಕಿಗೆ ಅಷ್ಟೇ ಅಗಲದ ಬೋಳು ಬೀದಿಯಲ್ಲೊಂದು ಸೆನ್ಸರ್, ಒಂದೇ ಅವಧಿಗೆ. ಅದಕ್ಕೂ ಮುಂಚೆ ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿ ಎರಡು ದಿನ ಬಿಡಿ. ಅಲ್ಲೇ ಅರ್ಧ ಡಿಗ್ರಿ ಜಗಳ ಕಂಡರೆ 0.8ರ ಮಾತು ಆಮೇಲೆ.