ಕಿಟಕಿ ಮೇಲೆ 'ಕಿಟಕಿ' ಅಂತ ಚೀಟಿ ಅಂಟಿಸಿದ್ರೆ ಓದು ಬರತ್ತಾ?

ನಮ್ಮಕ್ಕನ ಮಗಳಿಗೆ ನಾಲ್ಕೂವರೆ ವರ್ಷ. ಅವಳ ಅಂಗನವಾಡೀಲಿ ಟೀಚರ್ರು ಕಂಡಕಂಡಿದ್ದಕ್ಕೆಲ್ಲ ಚೀಟಿ ಅಂಟಿಸಿದಾರೆ, ಬಾಗಿಲು, ಕಿಟಕಿ, ಗೋಡೆ, ಕುರ್ಚಿ, ಬಿಂದಿಗೆ. ಮೊನ್ನೆ ಕರ್ಕೊಂಡು ಬರೋಕೆ ಹೋದಾಗ ಒಂದೊಂದರ ಮೇಲೂ ಬೆರಳಿಟ್ಟು ಟಕಟಕ ಅಂತ ಓದಿ ತೋರಿಸಿದ್ಲು. ನಂಗೆ ಖುಷಿಯೋ ಖುಷಿ. ಮನೆಗೆ ಬಂದು ಅದೇ 'ಕಿಟಕಿ'ನ ಹಾಳೆ ಮೇಲೆ ಬರೆದು ಕೇಳಿದ್ರೆ ಪಿಳಿಪಿಳಿ ನನ್ ಮುಖ ನೋಡ್ತಾಳೆ. ಅಂದ್ರೆ ಅಲ್ಲಿ ಅವಳು ಓದಿದ್ದು ಚೀಟೀನಲ್ಲ, ಕಿಟಕೀನ!

ಇದನ್ನ 1984ರಲ್ಲೇ ಅಮೆರಿಕದಲ್ಲಿ ಮೇಸನ್‌ಹೈಮರ್, ಡ್ರಮ್, ಎಹ್ರಿ ಅನ್ನೋ ಸಂಶೋಧಕರು ಪರೀಕ್ಷೆ ಮಾಡಿದ್ರು. ಪೆಪ್ಸಿ ಲೇಬಲ್ಲಲ್ಲಿ ಮೊದಲ ಅಕ್ಷರ ಪಿ ತೆಗೆದು ಎಕ್ಸ್ ಹಾಕಿ ಪುಟ್ಟ ಮಕ್ಕಳಿಗೆ ತೋರಿಸಿದ್ರೆ, ಇನ್ನೂ ಓದು ಬರದ ಬಹುತೇಕ ಮಕ್ಕಳು ಆರಾಮಾಗಿ ಪೆಪ್ಸಿ ಅಂದ್ಬಿಟ್ವು. ಬಣ್ಣ ಗೊತ್ತು, ಚಿತ್ರ ಗೊತ್ತು, ಅಕ್ಷರದ ಕಡೆ ಕಣ್ಣೇ ಹೋಗಿಲ್ಲ.

ಹಂಗಂತ ಚೀಟಿ ದಂಡ ಅಂತ ನಾನು ಹೇಳಲ್ಲ. ಬಾಯಲ್ಲಿ ಆಡೋ ಮಾತನ್ನ ಗೆರೆ ಎಳೆದು ಹಿಡಿದಿಡಬಹುದು ಅನ್ನೋದೇ ಮಗೂಗೆ ದೊಡ್ಡ ಸುದ್ದಿ, ಅದನ್ನ ಚೀಟಿ ಹೇಳತ್ತೆ. ಆದ್ರೆ ಅಂಟಿಸಿ ಬಿಟ್ಬಿಟ್ರೆ ನಾಕು ದಿನಕ್ಕೆ ಅದೂ ಗೋಡೆ ಬಣ್ಣದ ಥರ ಆಗೋಗತ್ತೆ, ಕಿತ್ತು ಕೈಗೆ ಕೊಟ್ಟು ಆಡಿಸ್ಬೇಕು. (ಇನ್ನೊಂದು, ಮಗು ಟೇಬಲ್ ಅಂತಿದ್ರೆ ಚೀಟೀಲಿ ಮೇಜು ಅಂತ ಯಾಕೆ ಬರೀತಾರೋ ನಂಗಂತೂ ಅರ್ಥ ಆಗಲ್ಲ.)

ಇದರಲ್ಲಿ ಕನ್ನಡಕ್ಕೊಂದು ಅನುಕೂಲ ಇದೆ. 'ಕಿಟಕಿ' ಚೀಟೀನ ಕತ್ತರೀಲಿ ಮೂರು ತುಂಡು ಮಾಡಿ, ಕಿ, ಟ, ಕಿ, ಒಂದೊಂದು ತುಂಡೂ ಬಾಯಲ್ಲಿ ಹಂಗೇ ಹೇಳಕ್ಕೆ ಬರತ್ತೆ. ಇಂಗ್ಲಿಷಿನ 'ವಿಂಡೋ'ನ ಅಕ್ಷರ ಅಕ್ಷರವಾಗಿ ಕತ್ತರಿಸಿದ್ರೆ ಹಿಂಗೆ ಆಗಲ್ಲ. ಕಷ್ಟಾನೂ ಇದೆ ಅನ್ನಿ, 'ಕುರ್ಚಿ'ಲಿ ರ್ ಸದ್ದು ಮೊದಲು ಕೇಳತ್ತೆ, ಅರ್ಕಾವತ್ತು ನೋಡಿದ್ರೆ ಚಿ ಆದ್ಮೇಲೆ ಕೂತಿರತ್ತೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನಮ್ಮ ಮಕ್ಕಳ ಅಕ್ಷರ ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ನಡೀತಾನೇ ಇರತ್ತೆ ಅಂತ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ, ಅದಕ್ಕೆ ಅಂಗನವಾಡೀಲೇ 'ಕುರ್ಚಿ' ಓದಿಸೋ ಅವಸರ ಬೇಡ.

ನಾವು ಮನೇಲಿ ಆ ಮೂರು ತುಂಡು ಜೋಡಿಸೋ ಆಟ ಒಂದು ವಾರ ಆಡಿದ್ವಿ. ಆಮೇಲೆ ಸುಮ್ನೆ ಬಾಗಿಲಿನ ಚೀಟಿ ಕಿಟಕಿಗೆ, ಕಿಟಕೀದು ಬಾಗಿಲಿಗೆ ಅಂಟಿಸಿಟ್ಟೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಚಪ್ಪಲಿ ಹಾಕ್ಕೊಳ್ತಾ ನಿಂತೋಳು ಕೇಳಿದ್ಲು, "ಮಾಮಾ, ಬಾಗಿಲಿಗೆ ಯಾಕೆ ಎರಡು ಕಿ ಇದೆ?"