ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡದ್ದೆಲ್ಲ ಮೂಳೆಯಲ್ಲ

ವಸಡಿನ ಆಪರೇಷನ್ ಮುಗಿಸಿ ಎಕ್ಸ್‌ರೇ ತೋರಿಸಿದರೆ ಬಹಳ ಜನರ ಮುಖ ಅರಳುತ್ತದೆ. ವಸಡಿನ ಕಾಯಿಲೆಗೆ ಮೂಳೆ ಕರಗಿ, ಬೆಳಿಗ್ಗೆವರೆಗೂ ಹಲ್ಲಿನ ಬೇರಿನ ಪಕ್ಕ ಕಪ್ಪಗಿದ್ದ ಗುಂಡಿ ಈಗ ಬೆಳ್ಳಗೆ ತುಂಬಿಕೊಂಡಿರುತ್ತದೆ. "ಮೂಳೆ ಬಂದೇ ಬಿಡ್ತಲ್ಲ ಡಾಕ್ಟ್ರೇ, ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಬರೋದೇನೂ ಬೇಡ ಅಲ್ವಾ?" ಎಂದು ಕೇಳುತ್ತಾರೆ. ಬರಲೇಬೇಕು, ಯಾಕೆಂದರೆ ಅಲ್ಲಿ ಇನ್ನೂ ಒಂದು ಚೂರೂ ಹೊಸ ಮೂಳೆ ಇಲ್ಲ. ಕಾಣುತ್ತಿರುವುದು ಮೂಳೆ ಬೆಳೆಯಲು ಆಸರೆಯಾಗಲಿ ಎಂದು ನಾನು ಈಗಷ್ಟೇ ತುಂಬಿದ ಗ್ರಾಫ್ಟ್. ಅದರಲ್ಲೂ ಕ್ಯಾಲ್ಸಿಯಂ ಇರುವುದರಿಂದ ಬೆಳ್ಳಗೆ ಕಾಣುತ್ತದೆ, ಅಷ್ಟೇ.

ಗ್ರಾಫ್ಟ್ ಅಂದರೆ ಹೆಚ್ಚಾಗಿ ಕಾಲು ಮಿಲಿಮೀಟರಿನಿಂದ 1 ಮಿಲಿಮೀಟರ್‌ವರೆಗಿನ ಹರಳುಗಳು. ಚಿಕ್ಕ ಬಟ್ಟಲಿಗೆ ಸುರಿದರೆ ಒಣ ಮರಳಿನಂತೆ ಉದುರುತ್ತವೆ. ಗಾಯದ್ದೇ ಎರಡು ಹನಿ ರಕ್ತ ಬೆರೆಸಿ ನೋಡಿ, ಕೆಂಪಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೇರಿಗೆ ಅಂಟಿದ ಗಟ್ಟಿ ಕಿಟ್ಟ ಕೆರೆದು, ಗುಂಡಿಯಲ್ಲಿದ್ದ ಕೆಟ್ಟ ಮೆತ್ತನೆ ಮಾಂಸವನ್ನೆಲ್ಲ ತೆಗೆದ ಮೇಲೆ ಇದನ್ನು ಹಗುರವಾಗಿ ತುಂಬಬೇಕು. ಒತ್ತಿ ಒತ್ತಿ ತುಂಬಿದರೆ ಕೆಲಸ ಕೆಡುತ್ತದೆ, ಹೊಸ ರಕ್ತನಾಳಗಳು ಬರಬೇಕಾದ್ದೇ ಆ ಹರಳುಗಳ ನಡುವಿನ ಸಂದಿಯಲ್ಲಿ.

ಮೊದಲು ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನನ್ನ ಕೇಳಿದರೆ ಇಡೀ ಆಪರೇಷನ್ನಿನಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ. ಕೆಲವು ದಿನಗಳಲ್ಲಿ ಆ ಹೆಪ್ಪಿನೊಳಗೆ ಸಣ್ಣ ರಕ್ತನಾಳಗಳು ಹಬ್ಬುತ್ತವೆ, ಅವುಗಳ ಬೆನ್ನಿಗೇ ಸುತ್ತಲಿನ ಮೂಳೆಯಿಂದ ಮೂಳೆ ಕಟ್ಟುವ ಜೀವಕೋಶಗಳು ಬರುತ್ತವೆ. ಮೊದಲು ಕಟ್ಟುವುದು ಅವಸರದ ಮೂಳೆ, ಹೇಗೆಂದರೆ ಹಾಗೆ ಹೆಣೆದದ್ದು. ಆಮೇಲೆ ಬೇರೆ ಜೀವಕೋಶಗಳು ಅದನ್ನು ಕರಗಿಸುತ್ತಾ ಹೋದಂತೆ ಆ ಜಾಗದಲ್ಲಿ ಪದರ ಪದರವಾದ ಗಟ್ಟಿ ಮೂಳೆ ಬರುತ್ತದೆ, ಇದಕ್ಕೆ ತಿಂಗಳುಗಟ್ಟಲೆ ಬೇಕು. ಹರಳುಗಳ ಗತಿಯೂ ಒಂದೇ ಅಲ್ಲ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಕ್ಯಾಲ್ಸಿಯಂ ಲವಣದ ಹರಳು ತಿಂಗಳುಗಳಲ್ಲಿ ಕರಗುತ್ತಾ ಹೋಗುತ್ತದೆ, ದನದ ಮೂಳೆಯನ್ನು ಶುದ್ಧ ಮಾಡಿ ತಯಾರಿಸಿದ್ದು ವರ್ಷಗಳಾದರೂ ಹೊಸ ಮೂಳೆಯ ನಡುವೆ ಹಾಗೇ ಉಳಿದಿರಬಹುದು. ಉಳಿದರೆ ತೊಂದರೆಯೇನಿಲ್ಲ.

ನಿಜವಾದ ಪೈಪೋಟಿ ಇರುವುದು ವಸಡಿನ ಮೇಲ್ಪದರದ ಜೊತೆ. ಅದು ದಿನಕ್ಕೆ ಅರ್ಧದಿಂದ 1 ಮಿಲಿಮೀಟರ್ ಬೆಳೆಯುತ್ತದೆ, ಮೂಳೆಗೆ ಆ ವೇಗ ಎಲ್ಲಿಂದ ಬರಬೇಕು? ಮೇಲ್ಪದರವೇ ಬೇರಿನ ಗುಂಟ ಕೆಳಗಿಳಿದರೆ ಗಾಯ ಮಾಯ್ದಂತೆ ಕಂಡರೂ ಬೇರನ್ನು ಮೂಳೆಗೆ ಹಿಡಿದಿಡುವ ನಾರುಗಳು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಬೇರಿನ ಹತ್ತಿರ ಯಾವ ಜೀವಕೋಶ ಮೊದಲು ತಲುಪುತ್ತದೋ ಅದೇ ಮುಂದಿನದನ್ನು ನಿರ್ಧರಿಸುತ್ತದೆ ಎಂದು 1976ರಲ್ಲಿ ಸಂಶೋಧಕ ಮೆಲ್ಚರ್ ಹೇಳಿದರು. 1982ರಲ್ಲಿ ನೈಮನ್ ಮತ್ತು ಜೊತೆಗಾರರು ಮನುಷ್ಯರ ಹಲ್ಲಿನ ಮೇಲೆ ಮೇಲ್ಪದರ ಒಳಗಿಳಿಯದಂತೆ ಒಂದು ಫಿಲ್ಟರ್ ಹಾಳೆಯನ್ನು ಅಡ್ಡ ಇಟ್ಟು ಇದನ್ನು ತೋರಿಸಿದರು. ಈಗ ನಾವು ಗ್ರಾಫ್ಟ್ ಮೇಲೆ ಹೊದಿಸುವ ಮೆಂಬ್ರೇನ್ ಎಂಬ ತೆಳು ಪೊರೆ ಆ ಹಾಳೆಯ ಮುಂದುವರಿಕೆ.

ಗುಂಡಿಯ ಆಕಾರವೂ ಮುಖ್ಯ. ಮೂರು ಕಡೆ ಮೂಳೆಯ ಗೋಡೆ ಉಳಿದಿದ್ದರೆ ಚೆನ್ನಾಗಿ ತುಂಬುತ್ತದೆ. ಒಂದೇ ಗೋಡೆ ಇದ್ದರೆ ನಾನು ಜಾಸ್ತಿ ಆಸೆ ಹುಟ್ಟಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೆಡಿಸುವುದು ಸಣ್ಣ ಸಣ್ಣ ವಿಷಯಗಳೇ. ಒಬ್ಬರು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಹೊಲಿಗೆ ಹೇಗಿದೆ ಎಂದು ಸುಮ್ನೆ ತುಟಿ ಎಳೆದು ನೋಡುತ್ತಿದ್ದರು. ಹತ್ತನೇ ದಿನ ಬಂದಾಗ ವಸಡಿನ ಅಂಚು ಬಿಟ್ಟು ಮೆಂಬ್ರೇನ್ ಹೊರಗೆ ಇಣುಕುತ್ತಿತ್ತು, ಒಂದಿಷ್ಟು ಹರಳು ಆಗಲೇ ಉದುರಿ ಹೋಗಿದ್ದವು. ಅವರಿಗೆ ಬೇಜಾರಾದಷ್ಟೇ ನನಗೂ ಆಯಿತು, ತುಟಿ ಎಳೆಯಬೇಡಿ ಎಂದು ಮೊದಲೇ ಬಿಡಿಸಿ ಹೇಳಬೇಕಿತ್ತು. ಈಗ ಹೇಳದೆ ಯಾರನ್ನೂ ಕಳಿಸುವುದಿಲ್ಲ. ಸಿಗರೇಟು ಸೇದುವವರಿಗಂತೂ ಕೈಮುಗಿದು ಕೇಳುತ್ತೇನೆ, ಸೇದುವವರಲ್ಲಿ ಬರುವ ಮೂಳೆ ನಿಜವಾಗಿಯೂ ಕಡಿಮೆ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಯಲ್ಲಿರಬೇಕು. ಅಲ್ಲಾಡುವ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿದಿಡುವುದೂ ಆ ಹೆಪ್ಪು ಕದಲದಿರಲಿ ಎಂದೇ.

ಪಾಕೆಟ್, ಅಂದರೆ ಹಲ್ಲಿಗೂ ವಸಡಿಗೂ ನಡುವಿನ ಸಂದಿ, ಎಷ್ಟು ಆಳವಿದೆ ಎಂದು ಅಳೆಯುವ ಕಡ್ಡಿಯನ್ನು ಆರು ತಿಂಗಳು ನಾನು ಅಲ್ಲಿಗೆ ಹಾಕುವುದಿಲ್ಲ. ನಡುನಡುವೆ ಬಂದರೆ ಮೇಲಿನಿಂದ ಕ್ಲೀನ್ ಮಾಡಿ ಕಳಿಸುತ್ತೇನೆ. ಆಮೇಲೆ ಮೊದಲಿನ ಕೋನದಲ್ಲೇ ಇನ್ನೊಂದು ಎಕ್ಸ್‌ರೇ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಮೊದಲನೆಯದರಲ್ಲಿ ಹರಳುಗಳು ಬಿಡಿ ಬಿಡಿ ಚುಕ್ಕೆಗಳಂತಿರುತ್ತವೆ. ಎರಡನೆಯದರಲ್ಲಿ ಅವುಗಳ ಅಂಚು ಮಸುಕಾಗಿ, ಪಕ್ಕದ ಮೂಳೆಯ ಬಲೆಯಂಥ ಗೆರೆಗಳು ಅವುಗಳೊಳಗೆ ಸೇರಿಕೊಂಡಿದ್ದರೆ ನಾವು ಕಾದದ್ದು ಅದಕ್ಕೇ.